ಕಿಟಕಿಯಲ್ಲಿ ನೀಲಿ ಲೋಟ

ಲೋಟ ಎತ್ತಿದ ಜಾಗದಲ್ಲಿ ಒದ್ದೆ ಉಂಗುರ, ಸರಿಯಾಗಿ ಕೊನೆಯ ಹಾಳೆಯ ಕೊನೆಯ ಸಾಲಿನ ಮೇಲೇ, ಅಯ್ಯೋ ನನ್ನ ಬುದ್ಧಿಗಿಷ್ಟು ಎಂದುಕೊಂಡು ತೋಳಿನ ಅಂಚಿನಿಂದ ಒತ್ತಲು ಹೋದವಳು ಒತ್ತದೆ ಹಾಗೇ ನಿಂತಳು, ನೀರು ಕುಡಿದ ಕಾಗದದಲ್ಲಿ ಅಕ್ಷರಗಳು ಉಬ್ಬಿ ಎದ್ದು ಕಾಣುತ್ತಿವೆ, ಕಿಟಕಿಯಲ್ಲಿ ನೀಲಿ ಲೋಟ ನೆಟ್ಟಗೆ ಇತ್ತು, ತನ್ನದೇ ಸಾಲು, ತಾನೇ ಬರೆದು ಹೊಡೆದುಹಾಕಿ ಮತ್ತೆ ಬರೆದು ಒಲಿಸಿಕೊಂಡ ಸಾಲು, ಆದರೆ ಈಗ ಅದು ಬೇರೆ ಯಾರದೋ ದನಿಯಲ್ಲಿ ಕೇಳಿಸುತ್ತಿದೆ — ಯಾರದು? ಕೊನೆಯ ಕರಡನ್ನು ಅವಳು ಯಾವಾಗಲೂ ಹಿಂದಿನಿಂದ ಮುಂದಕ್ಕೆ ಓದುವುದು, ಕೊನೆಯ ಹಾಳೆಯಿಂದ ಮೊದಲ ಹಾಳೆಗೆ, ಒಂದೊಂದೇ ಸಾಲು ಕೆಳಗಿನಿಂದ ಮೇಲಕ್ಕೆ, ಕಥೆಯ ಬೆನ್ನು ಹತ್ತಿದ ಕಣ್ಣು ತಪ್ಪುಗಳನ್ನು ಹಾರಿಕೊಂಡು ಓಡಿಬಿಡುತ್ತದೆ, ಉಲ್ಟಾ ಓದಿದರೆ ಕಥೆ ದೂರ ಸರಿದು ಅಕ್ಷರ ಮಾತ್ರ ಉಳಿಯುತ್ತದೆ, ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ ತಪ್ಪು ಆರಿಸಬಹುದು, ಇದನ್ನು ಕಲಿಸಿದವರು ಪ್ರಕಾಶನದಲ್ಲಿ ಕರಡು ತಿದ್ದುವ ಹಿರಿಯರು, ಸಿಕ್ಕಸಿಕ್ಕಲ್ಲಿ ಅಲ್ಪವಿರಾಮ ಹಾಕುವ ಚಟಕ್ಕೆ ಎಲ್ಲರೂ ಅವರನ್ನು ಅಲ್ಪವಿರಾಮ ಎಂದೇ ಕರೆಯುತ್ತಾರೆ, ಮಾತಾಡುವಾಗಲೂ ನಡುನಡುವೆ ಉಸಿರು ಹಿಡಿದು ನಿಲ್ಲುವ ಮನುಷ್ಯ. ಹಾಗಾಗಿ ಇವತ್ತು ಬೆಳಿಗ್ಗೆ ಮೊದಲು ಕಣ್ಣಿಗೆ ಬಿದ್ದದ್ದೇ ಈ ಸಾಲು, ಒಂಟಿಯಾಗಿ, ಹಿಂದುಮುಂದಿಲ್ಲದೆ, ಹಾಗೆ ಬಿದ್ದದ್ದರಿಂದಲೇ ಗುರುತು ಸಿಕ್ಕಿರಬೇಕು, ಇದನ್ನು ನಾನು ಬರೆಯುವುದಕ್ಕೆ ಮುಂಚೆ ಓದಿದ್ದೇನೆ. ಇಲ್ಲ, ಓದಿಲ್ಲ. ಓದಿದ್ದೇನೆ. ಕುರ್ಚಿ ಎಳೆದುಕೊಂಡು ಕೂತಳು.

ಕಾದಂಬರಿಯೆಲ್ಲ ನಿಂತಿರುವುದೇ ಆ ಲೋಟದ ಮೇಲೆ. ಜಗಳವಾಡಿ ಮನೆ ಬಿಟ್ಟು ಹೋದ ತಂಗಿ, ಹಿಂದೆ ಉಳಿದ ಅಕ್ಕ, ಅಕ್ಕನಿಗೊಂದು ಅಭ್ಯಾಸ, ಹೊರಗೆ ಹೊರಟಾಗ ತನ್ನ ಲೋಟವನ್ನು ಕಿಟಕಿಯಲ್ಲಿ ಬೋರಲು ಹಾಕುತ್ತಾಳೆ, ಮನೆಯಲ್ಲಿದ್ದರೆ ನೆಟ್ಟಗೆ ಇಡುತ್ತಾಳೆ, ಬೀದಿಯಲ್ಲಿ ಹೋಗುವವರಿಗೆ ಅದು ಬರೀ ಲೋಟ, ಬಲ್ಲವರಿಗೆ ಮಾತ್ರ ಅದೊಂದು ಮಾತು, ಇದ್ದೇನೆ ಬಾ. ಎಷ್ಟೋ ವರ್ಷಗಳ ಮೇಲೆ ತಂಗಿ ಬರುತ್ತಾಳೆ, ಬಾಗಿಲು ತಟ್ಟುವ ಧೈರ್ಯ ಸಾಲದೆ ಬೀದಿಯಲ್ಲೇ ನಿಂತು ತಲೆ ಎತ್ತುತ್ತಾಳೆ, ಅಷ್ಟೇ, ಕಥೆ ಮುಗಿಯಿತು. ಪ್ರಕಾಶಕಿ ಹಸ್ತಪ್ರತಿ ಓದಿ ಫೋನಿನಲ್ಲೇ ಮೂಗೊರೆಸಿಕೊಂಡು, ಈ ಕೊನೆಗೋಸ್ಕರ ಪುಸ್ತಕ ಮಾಡ್ತೀನಿ ಕಣ್ರೀ, ಉಳಿದಿದ್ದನ್ನ ಆಮೇಲೆ ನೋಡ್ಕೊಳ್ಳೋಣ, ಅಂದಿದ್ದರು. ಆ ಕೊನೆಯೇ ಕದ್ದ ಮಾಲಾದರೆ? ಇಷ್ಟು ಕಾಲ ಅವಳು ಬರೆದದ್ದೆಲ್ಲ ಬೇರೆಯವರ ಹೆಸರಿನಲ್ಲಿ, ನಿವೃತ್ತ ನ್ಯಾಯಾಧೀಶರ ಆತ್ಮಕಥೆ, ಸಿಮೆಂಟು ವ್ಯಾಪಾರಿಯ ಬಾಳಿನ ಪಾಠಗಳು, ಬಟ್ಟೆ ಒಗೆಯುವ ಯಂತ್ರದ ಜೊತೆ ಬರುವ ಪುಸ್ತಿಕೆ, ವಾರಪತ್ರಿಕೆಯಲ್ಲಿ ಓದುಗರ ಸಂಸಾರದ ಗೋಳಿಗೆ ಸಮಾಧಾನ ಹೇಳುವ ಅಂಕಣ, ಅದರ ತಲೆಯ ಮೇಲೆ ಬಿಳಿಗಡ್ಡದ ವೈದ್ಯರೊಬ್ಬರ ಚಿತ್ರ, ಬರೆಯುವವಳು ಇವಳು, ಗಡ್ಡ ಅವರದು. ನ್ಯಾಯಾಧೀಶರಂತೂ ತಮ್ಮ ಆತ್ಮಕಥೆ ಓದಿ, ನನ್ನ ಬಾಲ್ಯ ಇಷ್ಟು ಚೆನ್ನಾಗಿತ್ತು ಅಂತ ನನಗೇ ಗೊತ್ತಿರಲಿಲ್ಲಮ್ಮ, ಅಂದಿದ್ದರು. ಎಲೆಮರೆಯ ಕಾಯಿ, ಎಲೆಮರೆಯ ಕಾಯಿ ಎಂದು ಹೊಗಳಿ ಹೊಗಳಿಯೇ ಎಲೆಯನ್ನು ಇನ್ನಷ್ಟು ದಪ್ಪ ಮಾಡಿದರು. ಇದು ಮೊದಲನೆಯದು, ಮುಖಪುಟದ ಮೇಲೆ ತನ್ನದೇ ಹೆಸರಿರುವ ಮೊದಲ ಪುಸ್ತಕ, ಹೆಸರು ದೊಡ್ಡದಾಗಿ ಹಾಕ್ತಾರೇನಮ್ಮ ಎಂದು ಅಪ್ಪ ಕೇಳಿದ್ದ, ಹೌದಪ್ಪ, ನಿನ್ನ ಕನ್ನಡಕ ಇಲ್ಲದೇನೂ ಕಾಣೋ ಹಾಗೆ. ಈಗ ಆ ಹೆಸರಿನ ಕೆಳಗೆ ಇನ್ಯಾರದೋ ಲೋಟ ಇಟ್ಟು ಊರಿಗೆಲ್ಲ ತೋರಿಸುವುದೇ? ನ್ಯಾಯಾಧೀಶರು ತನ್ನ ಮಾತನ್ನು ಕೇಳಿಕೊಂಡಾದರೂ ಪಡೆದರು, ತಾನು ಯಾರನ್ನು ಕೇಳಿದೆ?

ಫೋನು. ಪ್ರಕಾಶಕಿ. ಸಂಜೆ ಮುದ್ರಣಕ್ಕೆ ಹೊರಡತ್ತೆ ಕಣ್ರೀ, ಅಷ್ಟರೊಳಗೆ ಕರಡು ನನ್ನ ಮೇಜಿನ ಮೇಲೆ ಇರ್ಬೇಕು, ಅಲ್ಪವಿರಾಮ ಬೆಳಿಗ್ಗೆಯಿಂದ ಬಾಲ ಸುಟ್ಟ ಬೆಕ್ಕಿನ ಹಾಗೆ ಓಡಾಡ್ತಿದ್ದಾರೆ, ಹಾಂ, ಅರ್ಪಣೆ ಪುಟ ಖಾಲಿ ಬಿಟ್ಟಿದ್ದೀರಲ್ಲ, ಯಾರಿಗೂ ಇಲ್ವಾ, ಇಲ್ಲದಿದ್ರೆ ಆ ಹಾಳೆ ತೆಗೆದೇಬಿಡ್ತೀವಿ. ಯೋಚನೆ ಮಾಡ್ತಿದ್ದೀನಿ ಎಂದಳು, ಯಾವುದರ ಯೋಚನೆ ಎಂದು ಹೇಳಲಿಲ್ಲ, ಹೇಳಿದರೆ ಅವರ ದನಿ ಹೇಗಾಗುತ್ತದೆಂದು ಗೊತ್ತು. ಎಷ್ಟು ಎಚ್ಚರ ವಹಿಸಿದ್ದಳು! ಕಾದಂಬರಿ ಬರೆಯುವಷ್ಟು ಕಾಲ ಬೇರೆಯವರ ಕಥೆ ಮುಟ್ಟುವುದಿಲ್ಲ ಎಂದು ಪಣ, ಓದದೆ ಇರಲಾರದ ಪ್ರಾಣಿ, ಚಪ್ಪಲಿ ಇಡುವ ಕಪಾಟಿನಲ್ಲೂ ಪುಸ್ತಕ ತುಂಬಿಕೊಂಡವಳು, ಹಾಗಾಗಿ ಮಾತ್ರೆ ಡಬ್ಬಿಯೊಳಗೆ ಮಡಚಿಟ್ಟ ಚೀಟಿ, ರೈಲಿನ ವೇಳಾಪಟ್ಟಿ, ಬೀಜದ ಪೊಟ್ಟಣದ ಹಿಂಬದಿ, ನಿಘಂಟು, ಇವನ್ನೇ ಓದಿ ಹಸಿವು ತೀರಿಸಿಕೊಂಡಳು, ಮುಂಬಾಗಿಲಿಗೆ ಅಷ್ಟು ದೊಡ್ಡ ಬೀಗ ಹಾಕಿ ಕೂತಿದ್ದಾಗ ಕಳ್ಳ ಮೊದಲೇ ಒಳಗಿದ್ದ, ಅಷ್ಟೇ. ಯಾರ ದನಿ ಅದು? ಮೆಲ್ಲಗಿನ ದನಿ, ನಡುವೆ ಕಾಲಿನ ತಾಳ, ಟಕಟಕ ಟಕಟಕ, ನಿಂತು, ಮತ್ತೆ ಟಕಟಕ — ಹೊಲಿಗೆ ಯಂತ್ರ. ಅಪ್ಪನ ದನಿ. ಅಪ್ಪ ಓದುತ್ತಿದ್ದಾನೆ.

ಆ ಜ್ವರ. ಕಾಲು ನೆಲಕ್ಕೂರಲಾಗದಂಥ ಜ್ವರ, ಶಾಲೆ ತಪ್ಪಿಹೋಗಿತ್ತು, ಒಳಕೋಣೆಯ ಮಂಚದ ಮೇಲೆ ಅವಳು, ಹೊರಕೋಣೆಯಲ್ಲಿ ಅಪ್ಪನ ಯಂತ್ರ, ನಡುವೆ ತೆರೆದ ಬಾಗಿಲು, ಮಂಚದಿಂದ ನೋಡಿದರೆ ಅಪ್ಪನ ಬೆನ್ನು, ಕೊರಳಲ್ಲಿ ಅಳತೆ ಟೇಪು, ಇನ್ನೇನೂ ಕಾಣುತ್ತಿರಲಿಲ್ಲ. ಅಮ್ಮ ನರ್ಸ್, ಆಸ್ಪತ್ರೆಯಿಂದ ಬಂದಳೆನ್ನುವಷ್ಟರಲ್ಲಿ ಮತ್ತೆ ಹೊರಟಿರುತ್ತಿದ್ದಳು. ಅಪ್ಪ ಬಟ್ಟೆ ಕತ್ತರಿಸುವ ಮೊದಲು ಕಾಗದದಲ್ಲಿ ನಮೂನೆ ಕತ್ತರಿಸುವವನು, ಅದಕ್ಕೆಂದು ಹಳೆ ಪುಸ್ತಕಗಳನ್ನು ತೂಕದ ಲೆಕ್ಕದಲ್ಲಿ ತರುತ್ತಿದ್ದ, ಅವಳು ಓದಲು ಕಲಿತದ್ದೇ ಆ ಚೂರುಗಳಿಂದ, ತೋಳಿನ ಆಕಾರದ ಕಥೆ, ಜೇಬಿನ ಆಕಾರದ ಪದ್ಯ, ರಾಜಕುಮಾರಿ ಬಾಗಿಲು ತೆರೆದಳು ಎನ್ನುವಷ್ಟರಲ್ಲಿ ಕಂಕುಳು ಬಂದುಬಿಡುತ್ತಿತ್ತು, ಮುಂದೆ ಕತ್ತರಿ, ಮುಂದಿನದನ್ನು ತಾನೇ ಕಟ್ಟಿಕೊಳ್ಳಬೇಕು. ಅವಳು ತಿಳಿದಂತೆ ಆ ಮನೆಯಲ್ಲಿ ಕತ್ತರಿ ತಾಗದೆ ಇದ್ದದ್ದು ಒಂದೇ ಪುಸ್ತಕ, ಹಡಗಿನ ಬಡಗಿ, ಅಪ್ಪನೇ ಅದನ್ನು ಕಾಪಾಡಿ ಇಟ್ಟಿದ್ದ, ಯಂತ್ರಕ್ಕೆ ಒರಗಿಸಿಟ್ಟುಕೊಂಡು ಅಂಚು ಮಡಚುತ್ತ, ಗುಂಡಿಗೆ ಕಾಜಾ ಹೊಲಿಯುತ್ತ ದಿನಕ್ಕಿಷ್ಟು ಓದಿ ಹೇಳುತ್ತಿದ್ದ, ಊರೂರು ಸುತ್ತುವ ಬಡಗಿ, ಒಡೆದ ಹಡಗು ಕಟ್ಟುವ ಬಡಗಿ, ಹೆಂಡತಿಯನ್ನು ನೆನೆಯುವ ಬಡಗಿ, ಕೊನೆಗೆ ಮನೆಯ ಮುಂದೆ ನಿಂತು ತಲೆ ಎತ್ತುತ್ತಾನೆ — ಹೌದು, ತಲೆ ಎತ್ತುತ್ತಾನೆ, ಕಿಟಕಿಯಲ್ಲಿ ಲೋಟ, ನೀಲಿ, ಅಂಚಿನಲ್ಲಿ ಚೂರು ಹಾರಿದ್ದು, ನೆಟ್ಟಗೆ. ಚೂರು ಹಾರಿದ್ದನ್ನು ಕೂಡ ಬಿಡದೆ ಹೊತ್ತು ತಂದಿದ್ದಾಳಲ್ಲ, ಅದನ್ನೂ ತನ್ನ ಪುಸ್ತಕದಲ್ಲಿ ಬರೆದಿದ್ದಾಳೆ, ಒಳ್ಳೆಯ ವಿವರ ಎಂದು ಬೆನ್ನು ತಟ್ಟಿಕೊಂಡಿದ್ದಾಳೆ, ನಾಚಿಕೆಯಾಗಬೇಕು. ಆ ಪುಸ್ತಕ ಆಮೇಲೆ ಮನೆ ಬದಲಿಸುವಾಗ ಎಲ್ಲೋ ಹೋಯಿತು. ಲೈಬ್ರರಿಯಲ್ಲಿ ಇದ್ದರೂ ಇರಬಹುದು. ಕರಡಿನ ಕಟ್ಟನ್ನು ಚೀಲಕ್ಕೆ ತುರುಕಿ ಚಪ್ಪಲಿ ಮೆಟ್ಟಿದಳು, ಒಂದು ಕಾಲಿಗೆ ಒಂದು, ಇನ್ನೊಂದು ಕಾಲಿಗೆ ಇನ್ನೊಂದು ಜೋಡಿಯದು, ಅದು ಗೊತ್ತಾದದ್ದು ಬಸ್ಸು ಹತ್ತಿದ ಮೇಲೆ.

ಬಸ್ಸಿನಲ್ಲಿ ಕಿಟಕಿ ಪಕ್ಕ, ಬೇಡ ಈ ಲೋಟ, ಬೇರೆ ಏನಾದರೂ ಇಡೋಣ, ಇನ್ನೂ ಸಂಜೆಯಾಗಿಲ್ಲ, ದೀಪ? ದೀಪ ಎಲ್ಲರೂ ಇಟ್ಟಾಯಿತು, ಎಲ್ಲ ಕಾದಂಬರಿಗಳ ಕಿಟಕಿಯಲ್ಲೂ ದೀಪ ಉರಿದುರಿದು ಎಣ್ಣೆಯೇ ಮುಗಿದಿದೆ, ಒಣಗಲು ಹಾಕಿದ ಬಟ್ಟೆ? ಬಟ್ಟೆ ಇದ್ದರೆ ಜನ ಇದ್ದಾರೆ ಎಂದು ಯಾರಿಗಾದರೂ ಗೊತ್ತಾಗುತ್ತದೆ, ಅದರಲ್ಲಿ ಗುಟ್ಟೇನು, ಹೂಕುಂಡ, ಬೇಡಪ್ಪ, ಚಪ್ಪಲಿ? ಅವಳು ತನ್ನ ಕಾಲು ನೋಡಿಕೊಂಡು ಗುಟ್ಟಾಗಿ ನಕ್ಕಳು, ಪಕ್ಕದ ಹೆಂಗಸು ಸ್ವಲ್ಪ ಸರಿದು ಕೂತಳು. ತಂಗಿಯನ್ನು ಬೀದಿಯಲ್ಲಿ ನಿಲ್ಲಿಸಿ ಮತ್ತೆ ಮತ್ತೆ ತಲೆ ಎತ್ತಿಸಿದಳು, ನೋಡೇ, ಏನಾದರೂ ಕಾಣುತ್ತಾ, ಏನೂ ಕಾಣುವುದಿಲ್ಲ, ತಂಗಿ ಬೆಪ್ಪಾಗಿ ನಿಂತಿದ್ದಾಳೆ, ಕುತ್ತಿಗೆ ನೋವು ಬಂತು ಎನ್ನುತ್ತಿದ್ದಾಳೆ, ಲೋಟ ತೆಗೆದರೆ ಅಕ್ಕನೂ ಮನೆಯಲ್ಲಿರುವುದಿಲ್ಲ, ಅಕ್ಕ ಅಕ್ಕನಾಗಿರುವುದೇ ಆ ಲೋಟದಿಂದ, ಮೊದಲ ಅಧ್ಯಾಯದಿಂದ ಬಿಚ್ಚಿ ಹೊಲಿಯಬೇಕು, ಅಷ್ಟು ಬಿಚ್ಚಿದರೆ ಬಟ್ಟೆಯೇ ಉಳಿಯುವುದಿಲ್ಲ. ಚೀಲದಿಂದ ಕರಡು ತೆಗೆದು ಹಿಂದಿನಿಂದ ಓದಲು ಹಿಡಿದಳು, ಏನೇ ಆಗಲಿ ಕೈ ಕೆಲಸ ಬಿಡಬಾರದು, ಒಂದು ಕಡೆ ಅಕ್ಕ ಎರಡು ಸಲ ಎದ್ದು ನಿಂತಿದ್ದಾಳೆ, ಒಂದು ಸಲವೂ ಕೂತಿಲ್ಲ, ಅದನ್ನು ತಿದ್ದಿದಳು, ತಿದ್ದುವಾಗ ಎಂಥದೋ ಖುಷಿ, ಕಳ್ಳಮಾಲಿಗೆ ಇಷ್ಟು ಪಾಲಿಷ್ ಏಕೆ ಎಂದು ಬೈದುಕೊಂಡರೂ ಖುಷಿ ಹೋಗಲಿಲ್ಲ. ಇಳಿಯುವ ನಿಲ್ದಾಣ ಹಿಂದೆ ಹೋಗಿತ್ತು. ಓದುತ್ತ ಕೂತು ನಿಲ್ದಾಣ ತಪ್ಪಿಸಿಕೊಂಡು ಅವಳು ಜೀವಮಾನದಲ್ಲಿ ನಡೆದಷ್ಟು ದೂರ ನಡೆಯಬೇಕೆಂದೇ ನಡೆದವರೂ ನಡೆದಿರಲಿಕ್ಕಿಲ್ಲ.

ಲೈಬ್ರರಿಯಲ್ಲಿ ಫ್ಯಾನಿನ ಕಿರುಗುಟ್ಟುವಿಕೆ, ಹಳೆ ಅಂಟಿನ ವಾಸನೆ, ಉಸಿರೆಳೆದರೆ ಸಾಕು ಅರ್ಧ ಸಮಾಧಾನ. ಲೈಬ್ರರಿಯಾಕೆ ಕನ್ನಡಕದ ಮೇಲಿಂದ ನೋಡಿ, ಏನ್ರೀ, ನಾವೆಲ್ ಬರೆದು ಮುಗಿಸೋವರೆಗೂ ಈ ಕಡೆ ತಲೆ ಹಾಕಲ್ಲ ಅಂದಿದ್ರಿ, ಮುಗೀತಾ? ಮುಗಿದಿದೆ, ಇಲ್ಲ ಮುಗಿದಿಲ್ಲ, ಹಡಗಿನ ಬಡಗಿ ಬೇಕಿತ್ತು. ಅಯ್ಯೋ ಅದನ್ನ ಯಾರು ಕೇಳ್ತಾರೆ ಈಗ, ಹಿಂದಿನ ಕೋಣೇಲಿ ಇರ್ಬೇಕು, ಧೂಳು ಕುಡಿದು ಸೀನಿದ್ರೆ ನನ್ನ ಬೈಬೇಡಿ. ಕೋಣೆಯಲ್ಲಿ ಏಣಿ, ಏಣಿಯ ಮೇಲೆ ಅವಳು, ಪುಸ್ತಕಗಳ ಬೆನ್ನಿನ ಮೇಲೆ ಬೆರಳು ಓಡುತ್ತಿದೆ, ಒಂದೆರಡು ಹೆಸರು ಕಂಡು ಆಸೆಯಾಗಿ ತೆಗೆದು, ಅಲ್ಲೇ ಏಣಿಯ ಮೇಲೇ ಎರಡು ಪುಟ ಓದಿ, ಛೆ, ಬಂದದ್ದೇನಕ್ಕೆ ಮಾಡುತ್ತಿರುವುದೇನು, ಮತ್ತೆ ಹುಡುಕಿ — ಸಿಕ್ಕಿತು. ಕಂದು ರಟ್ಟು. ಇಡೀ ಪುಸ್ತಕ. ಕೊನೆಯಿಂದಲೇ ತೆರೆದಳು, ಬೇರೆ ಹೇಗೂ ತೆರೆಯಲು ಬರುವುದಿಲ್ಲ. ಬಡಗಿ ಊರಿಗೆ ಬರುತ್ತಾನೆ. ಮನೆಯ ಬಾಗಿಲು ತಟ್ಟುತ್ತಾನೆ. ಗುರುತಿಲ್ಲದವನೊಬ್ಬ ಬಾಗಿಲು ತೆರೆದು, ಈ ಮನೆ ಕೈ ಬದಲಾಗಿ ಎಷ್ಟೋ ಕಾಲವಾಯಿತು ಎನ್ನುತ್ತಾನೆ. ಬಡಗಿ ಜಗಲಿಯ ಕಲ್ಲಿನ ಮೇಲೆ ಕೂರುತ್ತಾನೆ, ಕೂತವನನ್ನು ಅಲ್ಲೇ ಬಿಟ್ಟು ಲೇಖಕ ಮಹಾಶಯ ಸಹನೆ, ಸಂಯಮ, ಮಿತವ್ಯಯ ಇವುಗಳ ಬಗ್ಗೆ ಉಪದೇಶ ಶುರುಮಾಡಿ ಪುಸ್ತಕ ಮುಗಿಸುತ್ತಾನೆ. ಲೋಟ ಇಲ್ಲ. ಮತ್ತೆ ಓದಿದಳು, ಸರಿಯಾದ ದಿಕ್ಕಿನಿಂದ, ಅಧ್ಯಾಯವಿಡೀ, ಅದರ ಹಿಂದಿನದೂ, ಲೋಟವಿಲ್ಲ, ಕಿಟಕಿಯೇ ಇಲ್ಲ. ಏಣಿಯ ಮೇಲೆ ಕೂತು ದೊಡ್ಡದಾಗಿ ಸೀನಿದಳು, ಸೀನು ಮುಗಿಯುವಷ್ಟರಲ್ಲಿ ಖುಷಿ, ಖುಷಿ ಮುಗಿಯುವಷ್ಟರಲ್ಲಿ ಭಯ, ಇಲ್ಲಿ ಇಲ್ಲವೆಂದರೆ ಬೇರೆಲ್ಲೋ ಇದೆ ಎಂದಾಯಿತು, ಸುತ್ತ ಕಪಾಟು, ಕಪಾಟಿನ ತುಂಬ ಪುಸ್ತಕ, ಇವುಗಳಲ್ಲಿ ಅರ್ಧಕ್ಕರ್ಧ ಅವಳು ಓದಿದವೇ, ಯಾವುದರ ಯಾವ ಪುಟದಲ್ಲಿ ಆ ಲೋಟ ಕೂತಿದೆಯೋ, ಜೀವನವೆಲ್ಲ ಹುಡುಕಬೇಕು, ಅಥವಾ ಯಾರೋ ಅಪರಿಚಿತ ಓದುಗ ಕಂಡುಹಿಡಿದು ಪತ್ರಿಕೆಗೆ ಬರೆಯುವ ದಿನಕ್ಕೆ ಕಾಯಬೇಕು. ಆದರೆ ದನಿ ಅಪ್ಪನದೇ. ಅದರಲ್ಲಿ ಅನುಮಾನವಿಲ್ಲ. ಪುಸ್ತಕವನ್ನು ತನ್ನ ಹೆಸರಿಗೆ ಬರೆಸಿಕೊಂಡು ಹೊರಬಿದ್ದಳು, ಅಪ್ಪ ಅಮ್ಮ ಇರುವುದು ಎರಡು ಬೀದಿ ಆಚೆ, ಬೀಗ ರಿಪೇರಿ ಅಂಗಡಿಯ ಮೇಲಿನ ಮಹಡಿಯಲ್ಲಿ.

ಮೆಟ್ಟಿಲು ಹತ್ತುವಾಗಲೇ ಟಕಟಕ. ಅಪ್ಪ ಕಸುಬು ಬಿಟ್ಟು ಎಷ್ಟೋ ವರ್ಷವಾಯಿತು, ಕಾಲು ಮಾತ್ರ ಬಿಟ್ಟಿಲ್ಲ, ಅಕ್ಕಪಕ್ಕದವರ ಹರಿದ ದಿಂಬು, ಸಡಿಲವಾದ ಲಂಗ, ಕೇಳಿದವರಿಗೂ ಹೊಲಿದುಕೊಡುತ್ತಾನೆ, ಕೇಳದವರಿಗೂ. ಬಾ ಬಾ, ಇದೇನು ಕಾಲಿಗೆ ಒಂದೊಂದು ಬಣ್ಣ, ಲೇಖಕಿ ಆದ್ಮೇಲೆ ಇದೆಲ್ಲ ಶುರುವಾಯ್ತಾ, ಅಂದಳು ಅಮ್ಮ, ನರ್ಸಿನ ಕಣ್ಣು, ಮೊದಲು ನೋಡುವುದು ಕಾಲು, ಆಮೇಲೆ ಮುಖ, ಮುಖ ಯಾಕೆ ಹೀಗಾಗಿದೆ, ಏನಾದ್ರೂ ತಿಂದ್ಯಾ? ಆಮೇಲಮ್ಮ, ಅಪ್ಪನ ಹತ್ರ ಒಂದು ಮಾತು ಕೇಳ್ಬೇಕು. ಕೇಳಬೇಕಾದ್ದನ್ನು ಹೇಗೆ ಕೇಳಬೇಕೆಂದು ತಿಳಿಯದೆ ಚೀಲದಿಂದ ಪುಸ್ತಕ ತೆಗೆದು ಯಂತ್ರದ ಮೇಲಿಟ್ಟಳು. ಅಪ್ಪನ ಕಾಲು ನಿಂತಿತು. ಎಲ್ಲಿ ಸಿಕ್ಕಿತೇ ಇದು, ಎಂದು ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಮುಟ್ಟಿದ, ರಟ್ಟನ್ನು ಸವರಿದ, ತೆರೆಯದೆ ಅವಳ ಕಡೆಗೇ ತಳ್ಳಿದ, ಕಣ್ಣು ಸರಿ ಕಾಣಲ್ಲ, ನೀನೇ ಓದು, ಕೊನೆಯಿಂದ ಓದು. ಕೊನೆಯಿಂದ ಏಕೆ ಎಂದು ಆಗ ಕೇಳಬೇಕೆನಿಸಲಿಲ್ಲ, ಓದಿದಳು, ಬಡಗಿ ಬಂದ, ಬಾಗಿಲು ತಟ್ಟಿದ, ಗುರುತಿಲ್ಲದವನು ತೆರೆದ, ಅಪ್ಪ ಕನ್ನಡಕವನ್ನು ಹಣೆಗೇರಿಸಿ ಬಾಯಿ ಸ್ವಲ್ಪ ತೆರೆದು ಕೂತಿದ್ದಾನೆ, ಜ್ವರದ ಮಂಚದ ಮೇಲೆ ಅವಳು ಕೂತಿರುತ್ತಿದ್ದ ಹಾಗೇ, ಬಡಗಿ ಕಲ್ಲಿನ ಮೇಲೆ ಕೂತ, ಸಹನೆ, ಸಂಯಮ, ಮಿತವ್ಯಯ. ಮುಗೀತು ಎಂದಳು. ಅಷ್ಟೇನಾ? ಅಷ್ಟೇ. ಹೆಂಡತಿ ಏನಾದ್ಲು? ಅವಳ ವಿಷಯ ಇಲ್ಲಪ್ಪ. ಇಲ್ವಾ! ಅಷ್ಟು ದೂರ ಸುತ್ತಿ ಬಂದವನಿಗೆ ಒಂದು ಲೋಟ ನೀರು ಕೊಡೋರೂ ಇಲ್ವಾ? ಅಪ್ಪ ನಿಜವಾಗಿ ಬೇಜಾರಾಗಿ ಆಚೀಚೆ ತಲೆ ಆಡಿಸಿದ, ಕನ್ನಡಕ ಜಾರಿ ಮೂಗಿನ ಮೇಲೆ ಬಿತ್ತು, ಆಮೇಲೆ ಮೆಲ್ಲಗೆ ನಗು ಶುರುವಾಯಿತು, ಬಿಡು, ನಮ್ದೇ ವಾಸಿ.

ನಮ್ದು ಅಂದ್ರೆ? ಅಂದ್ರೆ ನಾನು ನಿಂಗೆ ಓದಿದ್ದು. ಅಪ್ಪ, ಅದು ಈ ಪುಸ್ತಕದಲ್ಲಿ ಇಲ್ಲ. ಇರಲ್ಲ ಕಣೇ, ಹೇಗಿರತ್ತೆ, ಕೊನೇ ಹಾಳೆಗಳೇ ಇರ್ಲಿಲ್ಲ, ನಾನೇ ಕಾಲರ್ ನಮೂನೆಗೆ ಕತ್ತರಿಸಿಬಿಟ್ಟಿದ್ದೆ, ಯಾವನೋ ಅವಸರದಲ್ಲಿ ಷರ್ಟು ಕೇಳ್ದ, ಕೈಗೆ ಸಿಕ್ಕಿದ್ದು ಅದೇ, ಆಮೇಲೆ ನಿಂಗೆ ಜ್ವರ ಬಂತು, ಓದು ಅಂತ ಹಟ ಹಿಡಿದೆ, ಓದ್ತಾ ಓದ್ತಾ ನಂಗೂ ರುಚಿ ಹತ್ತಿಬಿಡ್ತು, ಮುಂದೆ ಹಾಳೆ ಇಲ್ಲ ಅನ್ನೋದೇ ಮರೆತುಹೋಯ್ತು, ನೀನೋ ದಿನಾ ಕೇಳ್ತಿದ್ದೆ, ಬಡಗಿ ಮನೆಗೆ ಬರ್ತಾನಾ ಅಪ್ಪ, ಬರ್ತಾನಾ ಅಂತ. ಅವಳಿಗೆ ನೆನಪಿದೆ, ಬರದಿದ್ದರೆ ತನ್ನ ಜ್ವರವೂ ಬಿಡುವುದಿಲ್ಲ ಎಂದು ಯಾಕೋ ಅಂದುಕೊಂಡಿದ್ದಳು, ಅಪ್ಪನಿಗೆ ಅದು ಹೇಗೆ ಗೊತ್ತಾಯಿತೋ. ಆ ದಿನ ಹಾಳೆ ತಿರುವಿದ್ರೆ ಬರೀ ರಟ್ಟು ಕಣಮ್ಮ, ಕೈಕಾಲೇ ಆಡ್ಲಿಲ್ಲ, ನೀನು ಆ ಕಡೆ ಕಾಯ್ತಿದ್ದೀಯ, ತಲೆ ಎತ್ತಿ ನೋಡ್ದೆ, ಎದುರಿಗೆ ಕಿಟಕಿ, ಕಿಟಕೀಲಿ ನಿಮ್ಮಮ್ಮನ ಲೋಟ, ಡ್ಯೂಟಿ ಮುಗಿಸ್ಕೊಂಡು ಆಗಷ್ಟೇ ಬಂದಿದ್ಲು, ನೀರು ಕುಡಿದು ಇಟ್ಟು ಕೈಕಾಲು ತೊಳೆಯೋಕೆ ಹೋಗಿದ್ಲು, ಇವಳು ಹೊರಗೆ ಹೋಗುವಾಗ ಅದನ್ನ ಬೋರಲು ಹಾಕಿ ಹೋಗೋಳು, ಅದು ಬೋರಲಾಗಿರೋಷ್ಟು ಹೊತ್ತೂ ನಂಗೆ ಸಮಾಧಾನ ಇರ್ತಿರ್ಲಿಲ್ಲ, ನೆಟ್ಟಗೆ ನಿಂತ್ರೆ ಸರಿ, ಮನೆ ತುಂಬಿತು, ಅದನ್ನೇ ಓದಿಬಿಟ್ಟೆ. ಅದಕ್ಕೂ ಕಥೆ ಕಟ್ಟಿದ್ರಾ, ಅಂದಳು ಅಮ್ಮ ಅಡುಗೆಮನೆಯಿಂದ, ಒಳಗೆ ಧೂಳು ಬೀಳ್ಬಾರ್ದು ಅಂತ ಕಣೇ ನಾನು ಬೋರಲು ಹಾಕ್ತಿದ್ದಿದ್ದು, ಇವರ ಯಂತ್ರದ ದಾರದ ಚೂರು, ಬಟ್ಟೆಯ ಜುಂಗು, ಎಲ್ಲ ಅದರೊಳಗೇ ಬೀಳ್ತಿತ್ತು. ಹೇಳುತ್ತ ಹೇಳುತ್ತ ಹೊರಬಂದು ಗಂಡನ ಮುಖ ನೋಡಿದವಳು, ಇಷ್ಟು ವರ್ಷ ಹೇಳೇ ಇಲ್ಲ ನೋಡು ಇವರು, ಎಂದಷ್ಟೇ ಅಂದು ಅಪ್ಪನ ಅಂಗಿಗೆ ಅಂಟಿದ ದಾರವನ್ನು ಕಿತ್ತು ತೆಗೆದಳು. ಮಗಳು ಮಾತ್ರ ಯಂತ್ರದ ಪಕ್ಕ ನೋಡುತ್ತಿದ್ದಾಳೆ, ಗುಂಡಿಗಳು, ಬಿಳಿ ಗುಂಡಿ ಕಂದು ಗುಂಡಿ, ಗುಂಡಿ ತುಂಬಿದ ನೀಲಿ ಲೋಟ, ಅಂಚಿನಲ್ಲಿ ಚೂರು ಹಾರಿ ಕಪ್ಪಾದ ಲೋಟ, ವಾರವಾರ ಬರುತ್ತಾಳೆ, ಇದೇ ಕುರ್ಚಿಯಲ್ಲಿ ಕೂರುತ್ತಾಳೆ, ಅದರೊಳಗೆ ಕೈಹಾಕಿ ತನ್ನ ಕುಪ್ಪಸಕ್ಕೆ ಗುಂಡಿ ಹುಡುಕಿದ್ದಾಳೆ, ಇಷ್ಟು ದಿನ ಕಂಡಿರಲಿಲ್ಲ, ಓದಿ ಓದಿ ಸವೆದ ಕಣ್ಣಿಗೆ ಅಚ್ಚಾಗದೆ ಇರುವುದು ಕಾಣುವುದೇ ಇಲ್ಲವೇನೋ.

ಅಪ್ಪ, ಅದನ್ನ ನಾನು ತಗೊಂಡಿದ್ದೀನಿ, ಕೇಳದೆ ತಗೊಂಡಿದ್ದೀನಿ, ನನ್ನ ಪುಸ್ತಕದ ಕೊನೆ ಅದೇ. ಪರಕೀಯರದಲ್ಲವಲ್ಲ, ಆದರೂ ತನ್ನದಲ್ಲವಲ್ಲ, ಹೆಸರು ದೊಡ್ಡದಾಗಿ ಹಾಕಿಸಿಕೊಂಡದ್ದು ತಾನು. ಅಪ್ಪ ಅವಳನ್ನು ಮೇಲಿನಿಂದ ಕೆಳಗೆ ನೋಡಿದ, ಅಳತೆ ತೆಗೆಯುವಾಗ ನೋಡುವ ಹಾಗೆ, ಟೇಪು ಮುಟ್ಟದೆಯೇ ಅವನಿಗೆ ಭುಜ ತೋಳು ಎಲ್ಲ ಗೊತ್ತಾಗುತ್ತದೆ. ತಗೊಂಡಿದ್ದೇನು ಬಂತು ಮಗಳೇ, ನಿನ್ನ ಅಳತೆಗೇ ಹೊಲಿದಿದ್ದು, ಇನ್ಯಾರಿಗೆ ಆಗತ್ತೆ ಅದು? ಅಷ್ಟು ಹೇಳಿ ಮತ್ತೆ ಕಾಲು ಆಡಿಸಿದ, ಟಕಟಕ, ಅವಳು ಅತ್ತಳು, ಅಳು ಬಂದದ್ದರಿಂದ ಅತ್ತಳು, ಅಮ್ಮ ತಟ್ಟೆ ತಂದು ಮುಂದಿಟ್ಟು, ಮೊದಲೇ ಹೇಳ್ದೆ ಏನಾದ್ರೂ ತಿನ್ನು ಅಂತ, ಹೊಟ್ಟೆ ಖಾಲಿ ಇದ್ರೆ ಹೀಗೇ. ತಿನ್ನುತ್ತ ಫೋನು ಮಾಡಿದಳು. ಎಲ್ಲಿದ್ದೀರ್ರೀ, ಅಂದರು ಪ್ರಕಾಶಕಿ. ಬರ್ತಿದ್ದೀನಿ, ಕೊನೆ ಹಾಗೇ ಇರ್ಲಿ, ಏನೂ ಬದಲಾಗಲ್ಲ. ಬದಲಾಯಿಸೋ ಮಾತು ಯಾರಾಡಿದ್ರೀ! ಯಾರೂ ಇಲ್ಲ, ಅರ್ಪಣೆ ಪುಟ ತೆಗೀಬೇಡಿ, ಬರ್ಕೊಳ್ಳಿ, ಕೊನೆಯ ಹಾಳೆ ಕತ್ತರಿಸಿ ಕೊನೆಯನ್ನು ಹೊಲಿದುಕೊಟ್ಟ ಅಪ್ಪನಿಗೆ, ಲೋಟವನ್ನು ಕಿಟಕಿಯಲ್ಲಿಟ್ಟ ಅಮ್ಮನಿಗೆ. ಆ ಕಡೆ ಮತ್ತೆ ಮೂಗೊರೆಸುವ ಸದ್ದು, ಹಿಂದೆ ಯಾರೋ ಕೂಗುತ್ತಿದ್ದಾರೆ, ಕತ್ತರಿಸಿ ಅನ್ನೋ ಪದ ಆದ್ಮೇಲೆ, ಅಲ್ಪವಿರಾಮ, ಬೇಡ್ವಾ? ಹಾಕಿಕೊಳ್ಳಲಿ ಬಿಡಿ, ಇವತ್ತು ಎಷ್ಟು ಬೇಕಾದರೂ ಹಾಕಿಕೊಳ್ಳಲಿ ಎಂದಳು. ಅಪ್ಪ ಯಂತ್ರ ನಿಲ್ಲಿಸಿ ಕೇಳಿಸಿಕೊಳ್ಳುತ್ತಿದ್ದವನು ಏನೂ ಕೇಳದವನ ಹಾಗೆ ಸೂಜಿಗೆ ದಾರ ಹಾಕತೊಡಗಿದ, ದಾರ ಸೂಜಿಯ ಪಕ್ಕದಲ್ಲೇ ಹೋಗುತ್ತಿತ್ತು.

ಕೆಳಗೆ ಬೀದಿ, ಬೀಗದ ಅಂಗಡಿಯಲ್ಲಿ ಕೀಲಿ ಕೊರೆಯುವ ಸದ್ದು, ಸಂಜೆ ಬಿಸಿಲು, ಚೀಲದಲ್ಲಿ ಕರಡು, ಬಸ್ಸಿನಲ್ಲಿ ಉಳಿದ ಹಾಳೆಗಳನ್ನು ಮುಗಿಸಿದರಾಯಿತು, ಹಿಂದಿನಿಂದ ಮುಂದಕ್ಕೆ, ಮೊದಲ ಪುಟದವರೆಗೆ, ಈ ಸಲ ನಿಲ್ದಾಣ ತಪ್ಪಿಸಬಾರದು, ಮುಂದಿನ ಪುಸ್ತಕದಲ್ಲಿ ಒಬ್ಬ ಟೈಲರ್ ಇರಬೇಕು, ತೋಳಿನ ಆಕಾರದ ಕಥೆಗಳು, ಜೇಬಿನ ಆಕಾರದ ಪದ್ಯಗಳು, ನಾಳೆಯೇ ಶುರುಮಾಡಬೇಕು, ನ್ಯಾಯಾಧೀಶರ ಎರಡನೇ ಭಾಗ ಕಾಯಲಿ, ಬಿಳಿಗಡ್ಡದವರು ತಮ್ಮ ಓದುಗರಿಗೆ ತಾವೇ ಸಮಾಧಾನ ಹೇಳಿಕೊಳ್ಳಲಿ, ಅಪ್ಪನನ್ನು ಕೇಳಿಕೊಂಡೇ ಬರೆಯುತ್ತಾಳೆ ಈ ಸಲ, ಅಥವಾ ಕೇಳದೆಯೇ, ಒಂದು ಕಾಲಿಗೆ ಒಂದು ಚಪ್ಪಲಿ, ಇನ್ನೊಂದಕ್ಕೆ ಇನ್ನೊಂದು, ಟಕ ಟಕ, ಬಸ್ಸು ಬರುವ ಸದ್ದು, ಬೇಗ ನಡೆಯಬೇಕು, ಮೇಲೆ ಎಲ್ಲೋ ಗುಂಡಿಗಳನ್ನು ಸುರಿದ ಸದ್ದು ಕೇಳಿದ ಹಾಗಾಯಿತಲ್ಲ, ಜಲ್ಲನೆ, ಮರದ ಮೇಜಿನ ಮೇಲೆ, ಆಮೇಲೆ ನಲ್ಲಿಯ ಸದ್ದು, ಆಮೇಲೆ ಕಿಟಕಿ ತೆರೆದದ್ದು, ಬಸ್ಸು ಬಂದು ನಿಂತಿದೆ, ಹತ್ತಬೇಕು, ಹತ್ತದೆ ಬೀದಿಯ ನಡುವೆ ತಿರುಗಿ ನಿಂತಳು, ತಲೆ ಎತ್ತಿದಳು — ಕಿಟಕಿ, ಕಿಟಕಿಯಲ್ಲಿ ಲೋಟ, ನೀಲಿ, ಈಗಷ್ಟೇ ತೊಳೆದದ್ದು, ಅಂಚಿನಲ್ಲಿ ಚೂರು ಹಾರಿದ್ದು, ನೆಟ್ಟಗೆ.